ಪರದೆಯ ಮೇಲಿನ ನಿಮೇಷ

ಹದಿನೆಂಟು ನಿಮೇಷಗಳಿಗೆ ಒಂದು ಕಾಷ್ಠೆಯೆಂದು ಅಮರಕೋಶದಲ್ಲಿ ಹೇಳಿದೆ. ರೆಪ್ಪೆಯು ಒಮ್ಮೆ ಬಡಿಯುವಷ್ಟು ಕಾಲವೇ ನಿಮೇಷ. ಇದನ್ನು ಬಹುಕಾಲ ಬಾಲಕರಿಗೆ ಕಂಠಪಾಠ ಮಾಡಿಸಿದ ನಮಗೆ, ನಿಮೇಷವನ್ನು ನಿಜವಾಗಿ ಅಳೆಯುವ ಪ್ರಸಂಗವು ನಿವೃತ್ತಿಯಾದ ಮೇಲೆ ಕಂಪ್ಯೂಟರಿನ ಮುಂದೆ ಒದಗಿತು.

ನಮ್ಮ ಮಗಳ ಮಕ್ಕಳು ಪರದೇಶದಲ್ಲಿದ್ದಾರೆ. ಅವರಿಗೆ ಕನ್ನಡದ ಅಕ್ಷರಗಳನ್ನು ತಿದ್ದಿಸುವವರು ಅಲ್ಲಿ ಯಾರೂ ಇಲ್ಲ. ಇತ್ತ ನಮ್ಮ ಬಲಗೈ ಒಂದು ವರ್ಷದಿಂದ ನಡುಗತೊಡಗಿದೆ. ಕೈ ಇನ್ನೂ ಸ್ವಾಧೀನದಲ್ಲಿರುವಾಗಲೇ, ಅಕ್ಷರಗಳನ್ನು ಪರದೆಯ ಮೇಲೆ ಬರೆದು, ಬರೆಯುವ ಕ್ರಮವನ್ನೇ ಚಲಚ್ಚಿತ್ರವಾಗಿ ಉಳಿಸಬೇಕೆಂಬ ಅಪೇಕ್ಷೆಯುಂಟಾಯಿತು. ನಮ್ಮ ತಮ್ಮನ ಮಗಳು ಕಾಲೇಜಿನಲ್ಲಿ ಈ ವಿದ್ಯೆಯನ್ನು ಕಲಿಯುತ್ತಿರುವವಳಾದುದರಿಂದ ತಾನೇ ಒಂದು ಪ್ರೋಗ್ರಾಮನ್ನು ರಚಿಸಿಕೊಟ್ಟಳು.

ಆದರೆ ಅದು ಸೆಕೆಂಡಿಗೆ 6 ಚಿತ್ರಗಳನ್ನು ಮಾತ್ರ ಹಿಡಿಯುತ್ತಿದ್ದಿತು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುವುದು ರೂಢಿ. ನಾವು ಒಂದು ಸೆಕೆಂಡಿನಲ್ಲಿ ಬರೆದ ಳಕಾರವು ಆರು ತುಂಡುಗಳಾಗಿ ಕಾಣುತ್ತಿತ್ತು. ರೇಖೆಯು ಎಲ್ಲಿ ತಿರುಗಿತೆಂಬುದೇ ತಿಳಿಯದಿದ್ದರೆ ಮಗು ತಿದ್ದುವುದಾದರೂ ಹೇಗೆ?

ಹೊಸ ಯಂತ್ರವನ್ನೇ ಕೊಳ್ಳೋಣವೆಂದು ನಾವು ಹೇಳಿದೆವು. ಅವಳು, “ದೊಡ್ಡಪ್ಪ, ಮೊದಲು ಕಾಲ ಎಲ್ಲಿ ವ್ಯಯವಾಗುತ್ತಿದೆಯೆಂದು ಅಳೆಯೋಣ” ಎಂದಳು. ಅಳೆದಾಗ ತಿಳಿದುದೇನೆಂದರೆ, ಪರದೆಯ ಚಿತ್ರವನ್ನು ಹಿಡಿಯುವುದಕ್ಕೆ 40 ಮಿಲಿಸೆಕೆಂಡು; ಅದನ್ನು ಪಿ.ಎನ್.ಜಿ. ಚಿತ್ರವಾಗಿ ಸಂಕ್ಷೇಪಿಸಿ ಬರೆದಿಡುವುದಕ್ಕೆ 120 ಮಿಲಿಸೆಕೆಂಡು. ಒಟ್ಟು 160, ಹೆಚ್ಚುಕಡಿಮೆ ಒಂದು ನಿಮೇಷವೇ ಸರಿ! ಇದು ಆಶ್ಚರ್ಯವಲ್ಲ. 1920 ಕಂಬಸಾಲು, 1080 ಅಡ್ಡಸಾಲುಗಳ ಪರದೆಯಲ್ಲಿ 20,73,600 ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ 4 ಬೈಟುಗಳಂತೆ ಒಂದು ಚಿತ್ರಕ್ಕೆ 82,94,400 ಬೈಟುಗಳಾದುವು.

ಬಾವಿಯಿಂದ ನೀರು ಸೇದುವವಳೇ ಕೊಡವನ್ನು ಒಳಗೆ ಹೊತ್ತು ತಂದು ಸುರಿದು, ಮರಳಿ ಹೋಗಿ ಸೇದುವಂತೆ ಆ ಪ್ರೋಗ್ರಾಮು ನಡೆಯುತ್ತಿದ್ದಿತು. ಅವಳು ಕೆಲಸವನ್ನು ಇಬ್ಬರಿಗೆ ಹಂಚಿದಂತೆ ಎರಡಾಗಿ ಮಾಡಿದಳು. ಒಂದು ಭಾಗವು ಹಿಡಿಯುತ್ತಲೇ ಇರುವುದು, ಇನ್ನೊಂದು ಬರೆದಿಡುತ್ತಲೇ ಇರುವುದು. ಆದರೂ ವೇಗವು 8ಕ್ಕೆ ಮಾತ್ರ ಏರಿತು. ಹೊರುವವನು ನಿಧಾನಿಯಾದರೆ ತುಂಬಿದ ಕೊಡಗಳು ಬಾವಿಕಟ್ಟೆಯಲ್ಲಿ ಸಾಲುಗಟ್ಟುವುವಷ್ಟೆ.

ಆದುದರಿಂದ ಬರೆದಿಡುವ ಕ್ರಮವನ್ನೇ ಬದಲಿಸಬೇಕಾಯಿತು. 2003ರಲ್ಲಿ ಪ್ರಕಟವಾದ ಎಚ್.264 ಎಂಬ ಪದ್ಧತಿಯು ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆಯದೆ, ಬಹುಮಟ್ಟಿಗೆ ಹಿಂದಿನ ಚಿತ್ರಕ್ಕಿಂತ ಭಿನ್ನವಾದುದನ್ನೇ ಬರೆಯುತ್ತದೆ. ವ್ಯಾಕರಣಸೂತ್ರಗಳಲ್ಲಿ ಹಿಂದಿನ ಸೂತ್ರದ ಪದವು ಮುಂದಕ್ಕೂ ಅನುವೃತ್ತಿಯಾಗುವುದನ್ನು ಬಲ್ಲ ನಮಗೆ ಈ ಲಾಘವವು ಹೊಸದೆನಿಸಲಿಲ್ಲ. ಬಿಳಿಯ ಪರದೆಯಲ್ಲಿ ಚಲಿಸುವುದು ಒಂದು ರೇಖೆ ಮಾತ್ರವಷ್ಟೆ. 120 ಇದ್ದದ್ದು 15ಕ್ಕೆ ಇಳಿಯಿತು. ಬಳಿಕ ಪರದೆಯನ್ನೆಲ್ಲ ಹಿಡಿಯದೆ, ಬರೆಯುವ ಕಾಲುಭಾಗವನ್ನು ಮಾತ್ರ ಹಿಡಿದುದರಿಂದ ಮೊದಲ ಕೆಲಸವೂ ಹಗುರವಾಯಿತು.

ಇನ್ನೊಂದು ಸೂಕ್ಷ್ಮವಿದ್ದಿತು. ಪ್ರತಿ ಚಿತ್ರದ ಕೆಲಸವು ಮುಗಿದಮೇಲೆ ನಿಗದಿಯಾದಷ್ಟು ಹೊತ್ತು ಕಾಯುವುದೆಂದರೆ, ಕೆಲಸದ ಕಾಲವೂ ಸೇರಿ ಅಂತರವು ಬೆಳೆಯುತ್ತದೆ. ಪಾಠಶಾಲೆಯಲ್ಲಿ ಹಿಂದಿನ ಉಪಾಧ್ಯಾಯರು ಹೊರಬಂದ ಮೇಲೆಯೇ ಮುಂದಿನ ಪಾಠದ ಹೊತ್ತನ್ನು ಎಣಿಸತೊಡಗಿದರೆ ದಿನವೆಲ್ಲ ಹಿಂದೆ ಬೀಳುವುದಿಲ್ಲವೆ? ಗಂಟೆಯು ಗಡಿಯಾರವನ್ನು ನೋಡಿಯೇ ಬಾರಿಸಬೇಕು. ಹಾಗೆಯೇ ಪ್ರತಿ 40 ಮಿಲಿಸೆಕೆಂಡಿನ ನಿಶ್ಚಿತ ಕ್ಷಣಕ್ಕೆ ಒಂದು ಚಿತ್ರವೆಂದು ಅವಳು ಗೊತ್ತುಮಾಡಿದಳು. ಸೆಕೆಂಡಿಗೆ 25 ಚಿತ್ರಗಳು ತಪ್ಪದೆ ಬಂದುವು. ಯಂತ್ರವು ಹಳೆಯದೇ, ಕಾಸೂ ಖರ್ಚಾಗಲಿಲ್ಲ.

ಮನೆವಾರ್ತೆಯಲ್ಲಿಯೂ, ಸಾಲದೆಂದು ಹೊಸದನ್ನು ಕೊಳ್ಳುವ ಮುಂಚೆ, ಇರುವುದು ಎಲ್ಲಿ ಸೋರುತ್ತಿದೆಯೆಂದು ಅಳೆದು ನೋಡುವುದು ಲೇಸೆಂದು ವಾಚಕರಿಗೆ ನಮ್ಮ ವಿಜ್ಞಾಪನೆ.

ಈಗ ಳಕಾರದ ಸುಳಿಯು ಚೆನ್ನಾಗಿ ಕಾಣುತ್ತದೆ. ನಮ್ಮ ಕೈಯ ನಡುಕವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಅದಕ್ಕಾಗಿ ಕೈ ಸ್ಥಿರವಾಗಿರುವ ಬೆಳಗಿನ ಹೊತ್ತಿನಲ್ಲಿ ದಿನಕ್ಕೆ ಎರಡೇ ಅಕ್ಷರಗಳನ್ನು ಬರೆಯುತ್ತಿದ್ದೇವೆ. ಸ್ವರಗಳು ಮುಗಿದಿವೆ, ವ್ಯಂಜನಗಳು ಬಹಳವಿವೆ.