ಮೂರನೇ ಸಲ ಜಾರುವ ಮುನ್ನ

ಪ್ರೀತಿಯ ತಮ್ಮಾ,

ಕಬಡ್ಡಿಯಲ್ಲಿ ಎರಡನೇ ಸಲವೂ ಭುಜ ಜಾರಿತಂತೆ. ಅಮ್ಮ ಫೋನಿನಲ್ಲಿ ಅತ್ತಳು. ನೀನು ಮಾತ್ರ ‘ಏನಿಲ್ಲಕ್ಕಾ, ಮ್ಯಾಟ್ ಮೇಲೇ ಕೋಚ್ ಎಳೆದು ಕೂರಿಸಿದ್ರು’ ಅಂತ ಮೆಸೇಜು ಹಾಕಿದ್ದೀಯ. ಆ ಎಳೆದಾಟವೇ ನನಗೆ ಭಯ. ಕಂಕುಳ ಬಳಿಯ ನರಕ್ಕೆ ಪೆಟ್ಟು ಬಿದ್ದರೆ ತೋಳಿನ ಹೊರಬದಿ ಜೋಮು ಹಿಡಿಯುತ್ತದೆ, ಕೈ ಎತ್ತುವುದೇ ಕಷ್ಟವಾಗುತ್ತದೆ. ಮೂಳೆ ಮುರಿದಿದೆಯೋ ಇಲ್ಲವೋ ಎಕ್ಸ್‌-ರೇ ಇಲ್ಲದೆ ಯಾರಿಗೆ ಗೊತ್ತು? ಇನ್ನು ಯಾರಿಗೂ ಎಳೆಯಲು ಬಿಡಬೇಡ. ಟವೆಲಿನಿಂದ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ನೆಟ್ಟಗೆ ಆಸ್ಪತ್ರೆಗೆ ಹೋಗು.

‘ಕೂತಿದೆಯಲ್ಲ, ಇನ್ನೇಕೆ ಆಪರೇಷನ್ನು?’ ಎನ್ನುತ್ತಾಳೆ ಅಮ್ಮ. ಕೂತಿರುವುದು ಮೂಳೆ, ಹರಿದದ್ದು ಹರಿದೇ ಇದೆ. ಶಾಲೆಯಲ್ಲಿ ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡುತ್ತಿದ್ದೆವಲ್ಲ, ಭುಜದ ಕೀಲೂ ಹಾಗೇ: ಉಂಡೆ ದೊಡ್ಡದು, ಗುಳಿಗೆ ಆಳವಿಲ್ಲ. ಗುಳಿಯ ಅಂಚಿನ ಮೆತ್ತನೆಯ ಪಟ್ಟಿ, ಅದಕ್ಕಂಟಿದ ಅಸ್ಥಿರಜ್ಜುಗಳು ಉಂಡೆಯನ್ನು ಹಿಡಿದಿರುತ್ತವೆ. ನಿನ್ನ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಮೊದಲ ಸಲವೇ ಆ ಪಟ್ಟಿ ಮುಂಬದಿಯಲ್ಲಿ ಕಿತ್ತು ಬಂದಿರುತ್ತದೆ. ಬ್ರಿಟನ್ನಿನ ಸರ್ಜನ್ ಬ್ಯಾಂಕಾರ್ಟ್ 1923ರಲ್ಲೇ ಇದನ್ನು ಬರೆದಿಟ್ಟರು. ಗಾಯಕ್ಕೂ ಅದನ್ನು ಹೊಲಿಯುವ ಆಪರೇಷನ್ನಿಗೂ ಇಂದಿಗೂ ಅವರದೇ ಹೆಸರು. ನಲವತ್ತು ದಾಟಿದವರಿಗೆ ಭುಜ ಮತ್ತೆ ಮತ್ತೆ ಜಾರುವುದು ಕಡಿಮೆ. ಇಪ್ಪತ್ತರೊಳಗಿನ ಕಬಡ್ಡಿ ಹುಡುಗರು ಹೊಲಿಸಿಕೊಳ್ಳದೆ ಆಟಕ್ಕೆ ಮರಳಿದರೆ ಬಹುಪಾಲು ಮತ್ತೆ ಜಾರಿಸಿಕೊಳ್ಳುತ್ತಾರೆ.

ಜಾರಿದಷ್ಟೂ ಗುಳಿಯ ಮುಂದಿನ ಮೂಳೆ ಸವೆಯುತ್ತದೆ, ಉಂಡೆಯ ಹಿಂಬದಿಯಲ್ಲಿ ತಗ್ಗು ಬೀಳುತ್ತದೆ. ಸವೆತ ಕಡಿಮೆಯಿದ್ದರೆ ಸಣ್ಣ ತೂತುಗಳಲ್ಲಿ ಕ್ಯಾಮೆರಾ ತೂರಿಸಿ, ಮೂಳೆಗೆ ಆಂಕರ್ ಕೂರಿಸಿ, ಪಟ್ಟಿಯನ್ನು ಹೊಲಿಯುತ್ತಾರೆ. ಹೆಚ್ಚಾದರೆ ಹೊಲಿಗೆಯೊಂದೇ ಸಾಲದು. ಹೆಗಲೆಲುಬಿನ ಕೊಕ್ಕಿನಂಥ ತುದಿಯನ್ನು ಸ್ನಾಯು ಸಮೇತ ಕತ್ತರಿಸಿ ತಂದು ಗುಳಿಯ ಮುಂದೆ ಸ್ಕ್ರೂ ಹಾಕಬೇಕು. ಫ್ರಾನ್ಸಿನ ಲಟಾರ್ಜೆ 1954ರಲ್ಲಿ ಹೇಳಿದ ದಾರಿ ಅದು. ಗಟ್ಟಿ ನಿಜ, ಆದರೆ ದೊಡ್ಡ ಆಪರೇಷನ್ನು. ಅಲ್ಲಿಗೆ ಯಾಕೆ ತಲುಪಬೇಕು, ಹೇಳು?

ಹೊಲಿಸಿಕೊಂಡ ಮೇಲೆ ಆಟಕ್ಕೆ ಯಾವಾಗ ಎನ್ನುತ್ತೀಯ? ಕ್ರಿಕೆಟಿಗ ಶ್ರೇಯಸ್ ಅಯ್ಯರ್ 2021ರ ಮಾರ್ಚಿನಲ್ಲಿ ಪುಣೆಯಲ್ಲಿ ಫೀಲ್ಡಿಂಗ್ ಮಾಡುವಾಗ ಬಿದ್ದು ಎಡಭುಜಕ್ಕೆ ಪೆಟ್ಟು ಮಾಡಿಕೊಂಡರು, ಏಪ್ರಿಲ್‌ನಲ್ಲಿ ಆಪರೇಷನ್, ಸೆಪ್ಟೆಂಬರಿಗೆ ಐಪಿಎಲ್ ಆಡಿದರು. ಆ ಲೆಕ್ಕ ಹಿಡಿದು ಕೂರಬೇಡ. ಅವರ ತೋಳನ್ನು ಯಾರೂ ಜಗ್ಗುವುದಿಲ್ಲ. ನಿನ್ನದನ್ನು ಏಳು ಜನ ಜಗ್ಗುತ್ತಾರೆ! ಆರೇಳು ತಿಂಗಳು ಬೇಕೆಂದೇ ತಿಳಿದುಕೋ. ಮೊದಲ ಕೆಲವು ವಾರ ಕೈ ಸ್ಲಿಂಗಿನಲ್ಲೇ ಇರಬೇಕು, ಆಮೇಲೆ ನಿಧಾನವಾಗಿ ವ್ಯಾಯಾಮ. ದಿನಾ ಇಂಥ ಭುಜಗಳ ಜೊತೆಗೇ ಏಗುವ ಫಿಸಿಯೋ ನಾನು. ನೋವು ಹೋದ ದಿನವೇ ಮ್ಯಾಟಿಗೆ ಓಡುವವರೇ ನನಗೆ ದೊಡ್ಡ ತಲೆನೋವು. ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಮತ್ತೆ ಜಾರುತ್ತದೆ, ಅದನ್ನೂ ಮುಚ್ಚಿಡಲಾರೆ.

ಆಪರೇಷನ್ ಬೇಡವೆಂದರೆ ಕಬಡ್ಡಿ ಬಿಡು; ಆಡುವುದಾದರೆ ಹೊಲಿಸಿಕೋ. ಜಿಲ್ಲಾ ಟೂರ್ನಿ ಮುಗಿಯಲಿ ಎನ್ನಬೇಡ. ಡಾಕ್ಟರ ಮುಂದೆ ಕೂತಾಗ ಮೂಳೆ ಎಷ್ಟು ಸವೆದಿದೆ ಎಂದೇ ಮೊದಲು ಕೇಳು. ಸಿಟಿ ಸ್ಕ್ಯಾನ್ ಬರೆದುಕೊಟ್ಟರೆ ದುಡ್ಡು ನಾನು ಕಳಿಸುತ್ತೇನೆ, ಅಪ್ಪನನ್ನು ಕೇಳಬೇಡ.

ಇಂತಿ ನಿನ್ನ
ಅಕ್ಕ