ಸೋಂಪುರದ ರಾಜೀವಪ್ಪ ಮೆಜೆಸ್ಟಿಕ್‌ಗೆ ಬಂದ!

ಅಭಿಮಾನಿ ಗೆಳೆಯರೇ, ನಿಮ್ಮ ಊರಲ್ಲೂ ಒಬ್ಬ ರಾಜೀವಪ್ಪ ಇದ್ದೇ ಇರುತ್ತಾನೆ. 'ಬಂಗಾರದ ಮನುಷ್ಯ' ನೋಡಿ, ಪಟ್ಟಣದ ಕೆಲಸಕ್ಕೆ ದೊಡ್ಡ ನಮಸ್ಕಾರ ಹಾಕಿ, ಹಳ್ಳಿಗೆ ವಾಪಸ್ ಬಂದು ನೇಗಿಲು ಹಿಡಿದ ಪುಣ್ಯಾತ್ಮ! ನಮ್ಮ ಸೋಂಪುರದಲ್ಲಿ ಆ ಬಿರುದು ನಮ್ಮ ತಾತನದು. ಎಪ್ಪತ್ತು ದಾಟಿದ ಈ ರಾಜೀವಪ್ಪನ ಜತೆ ಎರಡು ದಿನ ಬೆಂಗಳೂರು ಸುತ್ತಿ ಬಂದ ಕಥೆ ಇದು.

ಸೋಂಪುರ ಎಲ್ಲಿದೆ ಅಂತೀರಾ? ನೆಲಮಂಗಲ ತಾಲ್ಲೂಕು, ತುಮಕೂರು ರಸ್ತೆಯ ಡಾಬಸ್‌ಪೇಟೆ ಹತ್ತಿರ. ಶಿವಗಂಗೆ ಬೆಟ್ಟದ ಸೀಮೆ. ಒಂದು ದಿಕ್ಕಿನಿಂದ ನಂದಿ, ಇನ್ನೊಂದರಿಂದ ಗಣಪ, ಮತ್ತೊಂದರಿಂದ ಲಿಂಗ, ಮಗದೊಂದರಿಂದ ಹಾವು ಕಂಡ ಹಾಗೆ ಕಾಣುತ್ತೆ ಅಂತ ಹಿರಿಯರು ಹೇಳುವ ಬೆಟ್ಟ. ಈಗ ಬೆಟ್ಟಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಕಾರ್ಖಾನೆಗಳ ಶೀಟು. ರಾಗಿ ತೆನೆ ತೂಗುತ್ತಿದ್ದ ಕಡೆ ಕೈಗಾರಿಕಾ ಪ್ರದೇಶ. ನಾನೂ ಅಲ್ಲೇ ಒಂದು ಕಡೆ ಶಿಫ್ಟ್ ಕೆಲಸಗಾರ.

ನಮ್ಮ ಮನೆಗೆ ಉಳಿದಿರುವುದು ಒಂದೂವರೆ ಎಕರೆ. ಅದಕ್ಕೂ ಗಿರಾಕಿ ಬಂದಿದ್ದಾರೆ. ಅಪ್ಪ ಒಪ್ಪಿದರು, ದೊಡ್ಡಪ್ಪ ಒಪ್ಪಿದರು, ನಾನಂತೂ ಎರಡೂ ಕೈ ಎತ್ತಿದೆ. ಬೆಂಗಳೂರಲ್ಲಿ ಒಂದು ಸೈಟು, ಒಂದು ಬೈಕು... ಕನಸಿಗೇನು ಬರ? ತಾತನ ಸಹಿ ಒಂದೇ ಬಾಕಿ. "ಎರಡು ದಿನ ಊರು ತೋರಿಸ್ಕೊಂಡು ಬಾ, ಮನಸ್ಸು ಮೆತ್ತಗಾಗ್ತದೆ" ಅಂದರು ದೊಡ್ಡಪ್ಪ. ಅಗ್ರಿಮೆಂಟ್ ಪತ್ರ ನನ್ನ ಬ್ಯಾಗಿನ ತಳದಲ್ಲಿ, ಬಟ್ಟೆಗಳ ಕೆಳಗೆ ಮಲಗಿತ್ತು.

ಡಾಬಸ್‌ಪೇಟೆಯಲ್ಲಿ ಬಸ್ಸು ಹಿಡಿದು ಮಾದಾವರದಲ್ಲಿ ಇಳಿದೆವು. ಹಸಿರು ಮಾರ್ಗದ ಮೆಟ್ರೋ 2024ರ ನವೆಂಬರ್‌ನಲ್ಲಿ ಅಲ್ಲಿಯವರೆಗೂ ಬಂದಿದೆ. ನಮ್ಮ ಕಡೆಯವರಿಗೆ ಅದೇ ಬೆಂಗಳೂರಿನ ಹೆಬ್ಬಾಗಿಲು. ಪಂಚೆ ಎತ್ತಿ ಕಟ್ಟಿದ ತಾತ, ಕಿಟಕಿ ಪಕ್ಕ ಕೂತು ಸ್ಟೇಷನ್ನುಗಳ ಹೆಸರನ್ನೆಲ್ಲ ಗಟ್ಟಿಯಾಗಿ ಓದಿದ. ದಾಸರಹಳ್ಳಿ, ಜಾಲಹಳ್ಳಿ... ಜಾಲಹಳ್ಳಿ ಬಂದಾಗ ಮಾತ್ರ ಓದುವುದು ನಿಂತಿತು. "ಇಲ್ಲಿಗೆಲ್ಲ ನಡ್ಕೊಂಡು ಬರ್ತಿದ್ದೆ" ಅಂದವನು ಮುಂದೆ ಬಾಯಿ ಬಿಡಲಿಲ್ಲ. ಸಂಪಿಗೆ ರಸ್ತೆ ದಾಟಿ ರೈಲು ನೆಲದೊಳಗೆ ನುಗ್ಗಿದಾಗ ನನ್ನ ಕೈ ಹಿಡಿದುಕೊಂಡ.

ಮೆಜೆಸ್ಟಿಕ್! ಈ ಹೆಸರು ಬಂದದ್ದೇ ಒಂದು ಚಿತ್ರಮಂದಿರದಿಂದ ಅಂತ ನಿಮಗೆ ಗೊತ್ತಲ್ಲ? ಆ ಚಿತ್ರಮಂದಿರ ಹೋಯಿತು, ಹೆಸರು ಉಳಿಯಿತು. ನಾವು ನಿಂತಿದ್ದ ಬಸ್ ನಿಲ್ದಾಣವೂ ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. ಕೆರೆಯ ಮೇಲೆ ಬಸ್ಸು, ಬಸ್ಸಿನ ಕೆಳಗೆ ಮೆಟ್ರೋ! "ನೀರೆಲ್ಲಿಗೋಯ್ತೋ?" ಅಂತ ತಾತ ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ.

ಕಪಾಲಿ ನೋಡಬೇಕು ಅಂದ. 1968ರಲ್ಲಿ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ, ಭಾರಿ ಸಿನೆರಾಮಾ ತೆರೆಯ ಕಪಾಲಿ. ಅದು 2017ರಲ್ಲೇ ಮುಚ್ಚಿತು, ಆಮೇಲೆ ಕೆಡವಿದರು ಅಂತ ಹೇಳಿದೆ. ನಂಬಲಿಲ್ಲ. ಗಾಂಧಿನಗರದ ಆ ಜಾಗದವರೆಗೂ ನಡೆದು, ಕಣ್ಣಾರೆ ನೋಡಿ, "ಹೂಂ, ನಡಿ" ಅಂದ.

ಅಲ್ಲಿಂದ ಕೆಂಪೇಗೌಡ ರಸ್ತೆ. ಗೆಳೆಯರೇ, ಕಟೌಟು, ಹೂವಿನ ಹಾರ, ಬ್ಲ್ಯಾಕ್ ಟಿಕೆಟ್ಟಿನ ಪಿಸುಮಾತು, ಗಾಂಧಿ ಕ್ಲಾಸಿನ ಶಿಳ್ಳೆ... ನಾವು ಕೇಳಿ ಬೆಳೆದದ್ದನ್ನೆಲ್ಲ ಅವನು ಕಂಡು ಬೆಳೆದಿದ್ದಾನೆ! ಹಳೆಯ ಸ್ಟೇಟ್ಸ್ ಚಿತ್ರಮಂದಿರದ ಮುಂದೆ ಅವನ ಕಾಲು ತಾನಾಗೇ ನಿಂತಿತು. ಭೂಮಿಕಾ ಅಂತ ಹೆಸರು ಬದಲಾದದ್ದು ಅದಕ್ಕೇ. 1972ರಲ್ಲಿ ಬಿಡುಗಡೆಯಾದ 'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ್ದು ಇಲ್ಲೇ. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ರಾಜ್-ಭಾರತಿ ಜೋಡಿ.

"ಇಲ್ಲೇ ಅಲ್ವಾ ತಾತ, ನೀನು ಊರಿಗೆ ವಾಪಸ್ ಹೋಗೋ ತೀರ್ಮಾನ ಮಾಡಿದ್ದು?"

"ಹೊಟ್ಟೆ ಹಸೀತದೆ, ನಡಿ."

ರಾತ್ರಿ ಗಾಂಧಿನಗರದ ಒಂದು ಸಣ್ಣ ಲಾಡ್ಜಿನಲ್ಲಿ ತಂಗಿದೆವು. ಊಟಕ್ಕೆ ಮುದ್ದೆ ಸಿಕ್ಕಿತು. ಒಂದು ತುತ್ತು ನುಂಗಿ, "ರಾಗಿ ಹಳೇದು" ಅಂತ ತೀರ್ಪು ಕೊಟ್ಟ. ಪತ್ರ ತೆಗೆಯೋಣ ಅಂತ ಎರಡು ಸಲ ಬ್ಯಾಗಿಗೆ ಕೈ ಹಾಕಿದೆ. ಎರಡು ಸಲವೂ ಟವೆಲ್ ತೆಗೆದೆ!

ಮರುದಿನ ವಿಧಾನಸೌಧದ ಮುಂದೆ ಫೋಟೋ ಹೊಡೆಸಿಕೊಂಡು ಲಾಲ್‌ಬಾಗಿಗೆ ಹೋದೆವು. ಹೈದರಾಲಿ ಶುರು ಮಾಡಿದ ತೋಟ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು. ತಾತನಿಗೆ ಹೂವಿಗಿಂತ ಬಂಡೆ ಇಷ್ಟವಾಯಿತು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ, ಮೇಲೆ ಕೆಂಪೇಗೌಡರ ಗೋಪುರ. ನೆರಳು ನೋಡಿ ಕೂತು, ತಾನಾಗೇ ಶುರು ಮಾಡಿದ.

"ನಾಕು ತಿಂಗ್ಳು ಜಾಲಹಳ್ಳಿ ಕಡೆ ಕಾರ್ಖಾನೆ ಗೇಟಲ್ಲಿ ನಿಂತೆ ಕಣ್ಲಾ. ಯಾರೂ ಒಳಕ್ಕೆ ಬುಡ್ಲಿಲ್ಲ. ಊರಿಗೋದ್ರೆ ನಗ್ತಾರೆ. ಕೈಲಿದ್ದ ಕಡೇ ದುಡ್ಡಲ್ಲಿ ಆ ಪಿಚ್ಚರ್ ನೋಡ್ದೆ. ಊರಿಗೋಗಿ, ರಾಜಣ್ಣನ್ನ ನೋಡ್ದೆ, ಇನ್ಮೇಲೆ ಬೇಸಾಯನೇ ಅಂದೆ. ಒಬ್ರೂ ನಗ್ಲಿಲ್ಲ. ನಿಮ್ಮಜ್ಜಿ ಅಪ್ಪ ಕರ್ದು ಹೆಣ್ಣು ಕೊಟ್ಟ!"

ನನ್ನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ನಮ್ಮ ಮನೆಯ ದೊಡ್ಡ ಕಥೆಯೇ ಸುಳ್ಳಾ?

"ಸುಳ್ಳೇಳಿ ಹಿಡ್ದ ನೇಗಿಲು. ಐವತ್ತು ವರ್ಷ ಹಿಡ್ದ ಮೇಲೆ ಅದೇ ನಿಜ ಆಗೋಯ್ತು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದೇಳ್ತೀನಿ. ರಾಜೀವಪ್ಪ ಬಂಜರು ಉತ್ತು ಬಂಗಾರ ಬೆಳೆದ ಅಂತ ಎಲ್ರೂ ಹೇಳ್ತಾರೆ. ಕೊನೇಗೆ ಮನೆಯವ್ರ ಮಾತಿಗೆ ನೊಂದು ಊರು ಬಿಟ್ಟೇ ಹೊರಟೋದ್ನಲ್ಲ, ಅದನ್ಯಾಕೆ ಯಾರೂ ಹೇಳಲ್ಲ? ಪಿಚ್ಚರ್ ಹೆಸರೇಳಿ ಹೊಲ ಉಳಿಸ್ಬೇಡ. ಪಿಚ್ಚರ್ ಹೆಸರೇಳಿ ಮಾರ್ಲೂಬೇಡ. ಲೆಕ್ಕ ಹಾಕು" ಅಂದ.

ನಿಜ ಹೇಳ್ತೀನಿ ಗೆಳೆಯರೇ, ನಾನು ಆ ಚಿತ್ರವನ್ನು ಆರು ಸಲ ನೋಡಿದ್ದೇನೆ. ರಾಜೀವ ನಡೆದು ಹೋಗುವಾಗ ಆರು ಸಲವೂ ಅತ್ತಿದ್ದೇನೆ. ಆದರೆ ಅವನು ಬಿಟ್ಟು ಹೋದದ್ದು ಯಾರನ್ನು, ಅವನಿಗೆ ಆ ಮಾತು ಆಡಿದವರು ಯಾರು ಅಂತ ನಮ್ಮ ಮನೆಗೆ ಹೊಂದಿಸಿ ಒಂದು ಸಲವೂ ಯೋಚಿಸಿರಲಿಲ್ಲ. ಬ್ಯಾಗು ಹೆಗಲ ಮೇಲೆ ಭಾರವಾಯಿತು.

ಹಿಂದಿರುಗುವಾಗ ಗೊರಗುಂಟೆಪಾಳ್ಯದಲ್ಲಿ ಇಳಿದು ಆಟೋದಲ್ಲಿ ಕಂಠೀರವ ಸ್ಟುಡಿಯೋಗೆ ಹೋದೆವು. ತುಮಕೂರು ರಸ್ತೆಯ ಕಡೆಯಿಂದ ಬರುವ ನಮ್ಮಂಥವರಿಗೆ ದಾರಿಯಲ್ಲೇ ಸಿಗುವ ಕ್ಷೇತ್ರ. 2006ರ ಏಪ್ರಿಲ್ 12ರಂದು ನಮ್ಮನ್ನು ಅಗಲಿದ ಅಣ್ಣಾವ್ರು, 2017ರಲ್ಲಿ ಹೋದ ಪಾರ್ವತಮ್ಮನವರು, 2021ರಲ್ಲಿ ಹೋದ ಅಪ್ಪು, ಎಲ್ಲರೂ ಅಲ್ಲೇ ಇದ್ದಾರೆ. ರೆಬೆಲ್ ಸ್ಟಾರ್ ಅಂಬರೀಶ್ ಅವರ ಸ್ಮಾರಕವೂ ಅಲ್ಲೇ. ಅಪ್ಪು ಸಮಾಧಿ ಮುಂದೆ ತಾತ ಬಹಳ ಹೊತ್ತು ನಿಂತ. "ನಲವತ್ತಾರು ಒಂದು ವಯಸ್ಸೇನ್ಲಾ..." ಅಂದ. ಅಣ್ಣಾವ್ರ ಮುಂದೆ ಚಪ್ಪಲಿ ಬಿಟ್ಟು, ಕೈಮುಗಿದು, ತುಟಿ ಅಲ್ಲಾಡಿಸಿದ. ಏನಂದೆ ಅಂತ ಕೇಳಿದೆ.

"ನಿನ್ ಹೆಸರೇಳಿ ಬದುಕ್ಬುಟ್ಟೆ ಕಣಪ್ಪ, ತಪ್ಪು ತಿಳ್ಕೋಬೇಡ ಅಂದೆ."

ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೇ ಕೇಳಿದ: "ಆ ಪತ್ರ ಬ್ಯಾಗಲ್ಲಿದೆ ಅಂತ ಗೊತ್ತು ಮಗ. ರಾತ್ರಿ ಎರಡ್ ಸಲ ಟವಲ್ ತೆಗ್ದಲ್ಲ! ಕೊಡು, ಒತ್ತಿ ಬುಡ್ತೀನಿ. ಪೆನ್ ತಂದಿದ್ದೀಯಾ?"

ಪೆನ್ನು ನನ್ನ ಅಂಗಿ ಜೇಬಿನಲ್ಲೇ ಇತ್ತು, ಎಲ್ಲರಿಗೂ ಕಾಣುವ ಹಾಗೆ.

"ಇಲ್ಲ ತಾತ, ಮರೆತು ಬಂದೆ" ಅಂದೆ.

ಜೇಬನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಬೊಚ್ಚು ಬಾಯಿ ತುಂಬ ನಕ್ಕು, ಹೆಗಲ ಮೇಲೆ ಕೈ ಹಾಕಿದ.

"ನೀನೂ ಸುಳ್ಳೇಳಕ್ಕೆ ಕಲ್ತೆ ಬುಡು. ನಡಿ, ಬಸ್ ತಪ್ಪೋಯ್ತದೆ."