ತಾಯಿಯ ಕಡೆಯದು

ದಾಂಡೇಲಿಯ ಮಳೆಗಾಲವೆಂದರೆ ಬಟ್ಟೆಗಳಿಗೆ ಬೂಷ್ಟು ಹಿಡಿಯುವ ಕಾಲ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಹಾಕದ ಮನೆಯನ್ನು ನಾನು ಕಂಡದ್ದು ಕಡಿಮೆ. ರೇಷ್ಮೆ ಸೀರೆ, ಉಣ್ಣೆಯ ಶಾಲುಗಳ ಜೊತೆಗೆ ದೊಡ್ಡ ಮಗುವಿನ ಅಂಗಿ, ಕುಲಾಯಿ, ದುಪ್ಪಟಿಗಳೂ ಮುಂದಿನ ಬಾಣಂತನಕ್ಕೆಂದು ಆ ವಾಸನೆಯಲ್ಲೇ ಕಾದಿರುತ್ತವೆ.

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯ ಹುಡುಗಿಯೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡುಮಗು. ಮೂರನೆಯ ದಿನ ಮಗುವಿನ ಮೈ ಅರಿಸಿನ ಬಳಿದಂತಾಯಿತು. ಆಸ್ಪತ್ರೆಯ ವೈದ್ಯೆ ಎರಡೇ ಪ್ರಶ್ನೆ ಕೇಳಿದರಂತೆ. ಮಗುವಿನ ಬಟ್ಟೆಯಲ್ಲಿ ಡಾಂಬರು ಗುಳಿಗೆ ಇತ್ತೇ? ತಾಯಿಯ ಕಡೆ ಯಾರಿಗಾದರೂ ಮಲೇರಿಯಾ ಮಾತ್ರೆ ನುಂಗಿ ಮೂತ್ರ ಕಪ್ಪಾದದ್ದುಂಟೇ? ಅಜ್ಜಿಗೆ ತನ್ನ ಅಣ್ಣನ ನೆನಪಾಯಿತು. ರಕ್ತ ಪರೀಕ್ಷೆಯಲ್ಲಿ ಜಿ6ಪಿಡಿ ಕೊರತೆ ಎಂದು ತಿಳಿಯಿತು. ನೀಲಿ ಬೆಳಕಿನಡಿ ಮಲಗಿಸಿ ಮಗುವನ್ನು ಉಳಿಸಿಕೊಂಡರು. ಆದರೆ ನೆಂಟರಿಷ್ಟರಲ್ಲಿ ಹಬ್ಬಿದ್ದು ಒಂದೇ ಮಾತು: "ತಾಯಿಯ ಕಡೆಯದಂತೆ!" ಬಾಣಂತಿ ತಲೆ ಎತ್ತದಾದಳು.

ನಾನು ಸಮಾಜ ವಿಜ್ಞಾನ ಕಲಿಸುವವಳು. ಆ ಮಾತು ಮನಸ್ಸಿಗೆ ಚುಚ್ಚಿದ್ದರಿಂದ ವಿಜ್ಞಾನದ ಸಹೋದ್ಯೋಗಿಯನ್ನು ಕೇಳಿ, ಓದಿ ತಿಳಿದುಕೊಂಡೆ.

ನಮ್ಮ ಕೆಂಪು ರಕ್ತಕಣಗಳನ್ನು ಒಂದು ಬಗೆಯ ತುಕ್ಕಿನಿಂದ ಕಾಯುವ ಕಿಣ್ವವೇ ಜಿ6ಪಿಡಿ. ಅದನ್ನು ತಯಾರಿಸುವ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಆ ಒಂದು ಬರುವುದು ತಾಯಿಯಿಂದ. ಅದರಲ್ಲಿ ದೋಷವಿದ್ದರೆ ಸರಿದೂಗಿಸಲು ಗಂಡಿಗೆ ಇನ್ನೊಂದಿಲ್ಲ. ಹಾಗೆಂದು ಇಂಥವರು ದಿನವೂ ರೋಗಿಗಳೇನಲ್ಲ. ಎಷ್ಟೋ ಜನಕ್ಕೆ ಬದುಕಿಡೀ ಗೊತ್ತೇ ಆಗುವುದಿಲ್ಲ. ಕೆಲವು ಔಷಧ, ನ್ಯಾಫ್ತಲಿನ್ ಗುಳಿಗೆಯ ಆವಿಯಂಥವು ತಾಗಿದಾಗ ರಕ್ತಕಣಗಳು ಒಡೆಯುತ್ತವೆ. ಎಳೆಮಗುವಿನಲ್ಲಿ ಕಾಮಾಲೆ ಮಿತಿಮೀರಿದರೆ ಮಿದುಳಿಗೇ ಅಪಾಯ.

ಇದು ಪತ್ತೆಯಾದದ್ದೂ ಮಲೇರಿಯಾ ಮಾತ್ರೆಯಿಂದಲೇ. ಅಮೆರಿಕದ ಶಿಕಾಗೋ ಬಳಿಯ ಸೆರೆಮನೆಯೊಂದರಲ್ಲಿ ಕೈದಿಗಳಿಗೆ ಪ್ರೈಮಾಕ್ವಿನ್ ಕೊಟ್ಟು ಪರೀಕ್ಷಿಸುವಾಗ ಕೆಲವರ ರಕ್ತಕಣಗಳು ಮಾತ್ರ ಒಡೆಯುತ್ತಿದ್ದವು. ಕಾರಣ ಈ ಕಿಣ್ವದ ಕೊರತೆ ಎಂದು 1956ರಲ್ಲಿ ತಿಳಿಯಿತು. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೂ ಅದೇ.

ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಇರುವ ಈ ಕೊರತೆ ಅಳಿಯದೆ ಉಳಿದದ್ದೇಕೆ? ಉತ್ತರ ನಮ್ಮ ಕಾಡಿಗೂ ಸಂಬಂಧಿಸಿದ್ದು. ಇಂಥ ರಕ್ತಕಣದಲ್ಲಿ ಮಲೇರಿಯಾ ರೋಗಾಣು ಸುಲಭವಾಗಿ ಬೆಳೆಯದು ಎನ್ನುತ್ತಾರೆ ವಿಜ್ಞಾನಿಗಳು. ಅದಕ್ಕೇ ಆಫ್ರಿಕಾ, ಮೆಡಿಟರೇನಿಯನ್ ತೀರ, ಭಾರತ ಹೀಗೆ ಮಲೇರಿಯಾ ಕಾಡಿದ ನಾಡುಗಳಲ್ಲೇ ಇದು ಹೆಚ್ಚು. ಹಳಿಯಾಳ, ಸೂಪಾದ ಕಡೆ ಚಳಿಜ್ವರಕ್ಕೆ ಹೆದರಿ ಸರಕಾರಿ ನೌಕರರು ವರ್ಗವಾಗಿ ಬರಲು ಒಪ್ಪುತ್ತಿರಲಿಲ್ಲವೆಂದು ಹಿರಿಯರು ಹೇಳುತ್ತಿದ್ದರು. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗೆ ಡಿಡಿಟಿ ಸಿಂಪಡಿಸತೊಡಗಿದರು, ಜ್ವರ ಇಳಿಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೇ ಶುರುವಾಯಿತು. ಡಿಡಿಟಿ ಬರುವುದಕ್ಕೂ ಸಾವಿರಾರು ವರ್ಷ ಮೊದಲು ಮಕ್ಕಳನ್ನು ಕಾಯಲು ತಾಯಂದಿರ ರಕ್ತದಲ್ಲಿ ಹೀಗೊಂದು ಬೇಲಿ ಬೆಳೆದಿತ್ತು. ಬೇಲಿಯ ಮುಳ್ಳು ಒಮ್ಮೊಮ್ಮೆ ಮನೆಯವರಿಗೂ ತಾಗುತ್ತದೆ, ಅಷ್ಟೇ.

ಹೆಣ್ಣಿನ ವಿಷಯ ಇನ್ನೂ ಸ್ವಾರಸ್ಯ. ಮೇರಿ ಲಿಯಾನ್ ಎಂಬ ಬ್ರಿಟಿಷ್ ವಿಜ್ಞಾನಿ 1961ರಲ್ಲಿ ಹೇಳಿದ್ದು: ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ಗಳಲ್ಲಿ ಒಂದು ನಿದ್ದೆ ಹೋಗುತ್ತದೆ, ಯಾವುದು ಎನ್ನುವುದಕ್ಕೆ ನೇಮವಿಲ್ಲ. ಹೀಗಾಗಿ ಈ ವಂಶವಾಹಿಯನ್ನು ಹೊತ್ತ ತಾಯಿಯ ಮೈಯಲ್ಲಿ ಕೊರತೆಯ ಕಣ, ಸರಿಯಾದ ಕಣ ಎರಡೂ ಬೆರೆತು ಹರಿಯುತ್ತವೆ. ಹೆಚ್ಚಾಗಿ ಅವಳಿಗೆ ಅದರ ಸುಳಿವೂ ಇರುವುದಿಲ್ಲ. ಅವಳಿಗೆ ಅದು ತನ್ನ ಅಪ್ಪನಿಂದ ಬಂದಿದ್ದರೂ ಬಂದಿರಬಹುದು. ಮಗನಿಗೆ ದಾಟುವುದು, ಬಿಡುವುದು ನಾಣ್ಯ ಚಿಮ್ಮಿದ ಹಾಗೆ. ಇದರಲ್ಲಿ ಯಾರ ತಪ್ಪನ್ನು ಹುಡುಕುವುದು?

ಆ ಹುಡುಗಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅತ್ತೆಯವರ ಮುಂದೆಯೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, "ಹಾಗಾದರೆ ಮಗುವಿಗೆ ಏನೇನು ಕೊಡಬಾರದು, ಒಂದು ಚೀಟಿಯಲ್ಲಿ ಬರೆದುಕೊಡಿ" ಎಂದರು. ವೈದ್ಯೆಯನ್ನು ಕೇಳಿ ಬರೆಸಿಕೊಂಡು ಬಂದೆವು.

ನಿಮಗೂ ಹೇಳುವುದು ಇಷ್ಟೇ. ಎಳೆಮಗುವಿನ ಬಟ್ಟೆಯ ಹತ್ತಿರ ಡಾಂಬರು ಗುಳಿಗೆ ಸುಳಿಯದಿರಲಿ, ಒಣಗಿದ ಬೇವಿನ ಎಲೆ ಸಾಕು. ಎಳೆಯ ಮೈಗೆ ಮದರಂಗಿಯೂ ಬೇಡ. ಹುಟ್ಟಿದ ಮಗುವಿನ ಮೈ ಹಳದಿಯಾದರೆ ಬಿಸಿಲಿಗೆ ಹಿಡಿಯುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಮಲೇರಿಯಾಕ್ಕೆ ಪ್ರೈಮಾಕ್ವಿನ್ ಬರೆದುಕೊಟ್ಟಾಗ ಮನೆತನದಲ್ಲಿ ಇಂಥದ್ದಿದ್ದರೆ ಮುಚ್ಚಿಡದೆ ಹೇಳಿ. ಮಾತ್ರೆ ನುಂಗಿದ ಮೇಲೆ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿದರೆ ಅದನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಿ. ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳಿಸುವಾಗ ಒಡವೆಯ ಪಟ್ಟಿ ಬರೆಯುತ್ತೇವೆ. ಅಜ್ಜಿಯ ಅಣ್ಣನಿಗೆ ಯಾವ ಮಾತ್ರೆ ಒಗ್ಗಲಿಲ್ಲ ಎಂಬುದನ್ನೂ ಅದರ ಕೆಳಗೆ ಒಂದು ಸಾಲು ಬರೆದುಕೊಡಬೇಕು.